ಆರು ಕಲ್ಲುಕೂಚದ ಮೇಲೆ ಒಂದು ವರ್ಷ

ಹಿತ್ತಲಲ್ಲಿ ಕಲ್ಲುಕೂಚದ, ಅಂದರೆ ಬೇಲಿಯ ಕಲ್ಲುಕಂಬದ, ಮೇಲೆ ನಿಂತಿರುವ ನಮ್ಮ ಸೋಲಾರ್‌ಗೆ ಈ ಭಾನುವಾರ ಒಂದು ವರ್ಷ ತುಂಬಿತು. ಈ ಸಲದ ಏಪ್ರಿಲ್, ಮೇ ಗಾಳಿಗೆ ಪ್ಯಾನೆಲ್ ಒಂದಿಷ್ಟೂ ಅಲುಗಲಿಲ್ಲ. ಕೈಹಿಡಿದವರಿಗೆ ಧನ್ಯವಾದ ಹೇಳದೆ ಸುಮ್ನೆ ಇರಲು ಮನಸ್ಸಾಗುತ್ತಿಲ್ಲ.

ನಮ್ಮದು ಪಾವಗಡ ತಾಲ್ಲೂಕಿನ ಹಳ್ಳಿ. ಹಳೆಯ ಮಣ್ಣಿನ ಮಾಳಿಗೆ ಮನೆ. ಅದರ ಮೇಲೆ 540 ವ್ಯಾಟ್‌ನ ನಾಲ್ಕು ಪ್ಯಾನೆಲ್ ಹೊರಿಸುವ ಹಾಗಿರಲಿಲ್ಲ. ಒಂದೊಂದೂ ಸುಮಾರು 28 ಕೆಜಿ. ಹಿತ್ತಲಲ್ಲೇ ನಿಲ್ಲಿಸೋಣ ಎಂದು ಹೋದ ವರ್ಷ ತೆಳು ಕಬ್ಬಿಣದ ಆ್ಯಂಗಲ್ ತಂದು, ಒಂದೂವರೆ ಅಡಿ ಗುಂಡಿ ತೋಡಿ, ಬರೀ ಮಣ್ಣು ತುಂಬಿ ಹೂತೆ. ಒಂದೇ ಗಾಳಿಗೆ ಫ್ರೇಮ್ ಸಮೇತ ಮಗುಚಿತು. ಒಂದು ಪ್ಯಾನೆಲ್‌ನ ಗಾಜು ಪುಡಿಯಾಯಿತು. ಸಾಲ ಮಾಡಿ ತಂದಿದ್ದು. ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಮರುದಿನ ಪಕ್ಕದ ತೋಟದ ತಾತ ಬಂದರು. "ಭಾರಕ್ಕೆ ಬಿದ್ದಿಲ್ಲ ಕಣಪ್ಪಾ. ಗಾಳಿ ಕೆಳಗೆ ನುಗ್ಗಿ ಎತ್ತಿ ಹಾಕಿದೆ. ಬೇಲಿಗೆ ನೆಡೋ ಕಲ್ಲುಕೂಚ ಇಲ್ವಾ?" ಎಂದರು. ತಾತಾ, ಆ ಒಂದು ಮಾತಿಗೆ ನಾನು ಋಣಿ. ಕಬ್ಬಿಣ ಮಣ್ಣಿಗೆ ತಾಗುವ ಕಡೆ ತುಕ್ಕು ಹಿಡಿಯುತ್ತದೆ, ಕಲ್ಲಿಗೆ ಆ ಭಯವಿಲ್ಲ. ನಮ್ಮ ಕಡೆ ಅಗ್ಗವೂ ಹೌದು. ಆದರೆ ಕಲ್ಲು ಬಾಗುವುದಿಲ್ಲ, ಮುರಿಯುತ್ತದೆ. ಅದಕ್ಕೇ ಎತ್ತರ ಕಡಿಮೆ ಇಟ್ಟು, ಎರಡೂವರೆ ಅಡಿ ಆಳಕ್ಕೆ ಕಾಂಕ್ರೀಟ್ ಹಾಕಿ ಆರು ಕೂಚ ನೆಟ್ಟೆವು. ತಾತ ಮೂರು ದಿನ ದಾರ ಹಿಡಿದು ಸಾಲು ನೋಡಿದರು. ಕೂಲಿ ಮುಟ್ಟಲಿಲ್ಲ.

ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ಚಿಕ್ಕಪ್ಪನ ಮಗ ರಜೆ ಹಾಕಿ ಬಂದ. 2050 ಮೆಗಾವ್ಯಾಟ್‌ನ ಪಾರ್ಕ್ ಅದು. ಅಲ್ಲಿ ಪಳಗಿದ ಕೈ ನಮ್ಮ ಹಿತ್ತಲಿನ ಪ್ಯಾನೆಲ್‌ಗೂ ಅಷ್ಟೇ ಗಮನ ಕೊಟ್ಟಿತು. ನಮ್ಮೂರಿಗೆ ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆ ಸಾಕು ಎಂದ. ಪ್ಯಾನೆಲ್ ಉದ್ದ ಏಳೂವರೆ ಅಡಿ, ಹಿಂದಿನ ತುದಿ ಮುಂದಿನದಕ್ಕಿಂತ ಎರಡು ಅಡಿ ಮೇಲಿದ್ದರೆ ಲೆಕ್ಕ ಸರಿ. ಟೇಪಿನಲ್ಲೇ ಕೆಲಸ ಮುಗಿಯಿತು. ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟ್ ಬಹಳ ಕಡಿಮೆಯಾಗುತ್ತದೆಯಂತೆ. ಹುಣಸೆಮರದ ನೆರಳು ಎಲ್ಲಿಯವರೆಗೆ ಬರುತ್ತದೆ ಎಂದು ದಿನವಿಡೀ ನೋಡಿ ಸುಣ್ಣದಲ್ಲಿ ಗೆರೆ ಎಳೆದ.

ವೆಲ್ಡಿಂಗ್ ಅಂಗಡಿಯ ಅಣ್ಣನಿಗೂ ಧನ್ಯವಾದ. ಅವಸರ ಮಾಡಿದರೆ ಕಲ್ಲು ಸೀಳುತ್ತದೆ ಎಂದು ಬೋಲ್ಟಿನ ಒಂದೊಂದು ತೂತನ್ನೂ ನಿಧಾನವಾಗಿ ಕೊರೆದರು. ವೆಲ್ಡ್ ಮಾಡಿದ ಕಡೆಯೆಲ್ಲ ಸತುವಿನ ಬಣ್ಣ ಬಳಿದರು. ಫ್ರೇಮ್‌ಗೆ ಅರ್ಥಿಂಗ್ ಮರೆಯಬೇಡ ಎಂದು ನೆನಪಿಸಿದವರೂ ಅವರೇ. ಕಲ್ಲು, ಆ್ಯಂಗಲ್, ಸಿಮೆಂಟು, ಬೋಲ್ಟು ಎಲ್ಲ ಸೇರಿ ನನಗೆ ಬಿದ್ದ ಖರ್ಚು ಸುಮಾರು 11 ಸಾವಿರ ರೂಪಾಯಿ.

ಇನ್ನು ಅಮ್ಮ. ಬಿಸಿಲು ಚೆನ್ನಾಗಿ ಬೀಳುವ ಜಾಗ ಹಿತ್ತಲಲ್ಲಿ ಒಂದೇ ಇತ್ತು, ಅದು ಅವಳ ಸೊಪ್ಪಿನ ಮಡಿ. ಕೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಅವಳೇ ದಂಟೆಲ್ಲ ಕಿತ್ತು ಜಾಗ ಬಿಟ್ಟುಕೊಟ್ಟಳು. ಈಗ ಪ್ಯಾನೆಲ್‌ನ ಮುಂದುಗಡೆ ಹೊಸ ಮಡಿ ಮಾಡಿದ್ದಾಳೆ. ವಾರಕ್ಕೊಮ್ಮೆ ಧೂಳು ತೊಳೆದ ನೀರು ಅಲ್ಲಿಗೇ ಇಳಿಯುತ್ತದೆ. ಈ ಸಲ ದಂಟು ಚೆನ್ನಾಗಿ ಬಂದಿದೆ. ಮೊದಲ ಕಟ್ಟು ತಾತನ ಮನೆಗೆ ಹೋಯಿತು.