ಮುತ್ತಜ್ಜನ ಮಳೆಗಾಲ

ಪ್ರೀತಿಯ ಗೆಳೆಯಾ,

ಪುಷ್ಯ ಮಳೆ ಹಿಡಿದು ನಾಲ್ಕು ದಿನವಾಯಿತು. ಕೊಳೆರೋಗ ಬಾರದಂತೆ ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಸಬೇಕು, ಹೊಳವಾಗಲೆಂದು ಕಾಯುತ್ತ ಜಗಲಿಯಲ್ಲಿ ಕೂತಿದ್ದೇನೆ. ಹೋದ ಸಲ ಬಂದಾಗ ನೀನು, "ನಿನ್ನ ಮುತ್ತಜ್ಜನ ಕಾಲವೇ ಚೆಂದ ಕಣೋ, ಔಷಧಿಯ ಗಡಿಬಿಡಿ ಇರಲಿಲ್ಲ" ಅಂದಿದ್ದೆ. ಆಗ ಸುಮ್ಮನಿದ್ದೆ. ಈಗ ಹೇಳುತ್ತೇನೆ.

ಔಷಧಿ ಇಲ್ಲದಾಗ ಕೊಟ್ಟೆ ಇತ್ತು. ಅಡಿಕೆ ಹಾಳೆಯಿಂದಲೋ ಹುಲ್ಲಿನಿಂದಲೋ ಹೆಣೆದ, ಗೊನೆ ಮಳೆಗೆ ನೆನೆಯದಂತೆ ಹೊದಿಸುವ ಟೊಪ್ಪಿಗೆ ಅದು. ಬೇಸಿಗೆಯಿಡೀ ಮನೆಯವರೆಲ್ಲ ಕೂತು ಕೊಟ್ಟೆ ಮಾಡುವುದು, ಮಳೆ ಹಿಡಿಯುವ ಮೊದಲು ಕೊನೆಗೌಡ, ಅಂದರೆ ಅಡಿಕೆ ಮರ ಹತ್ತುವ ಕೆಲಸದವನು, ಮರ ಹತ್ತಿ ಒಂದೊಂದು ಗೊನೆಗೂ ಕಟ್ಟುವುದು. ಒಂದು ಮರದ ತಲೆಯಿಂದ ಇನ್ನೊಂದಕ್ಕೆ ಜೀಕಿಕೊಂಡೇ ದಾಟಬೇಕು. ಇಷ್ಟಾದರೂ ಗಾಳಿಗೆ ಕೊಟ್ಟೆ ಹಾರಿದ ಗೊನೆಗೆ ಕೊಳೆರೋಗ ತಪ್ಪುತ್ತಿರಲಿಲ್ಲ. ಎಳೆಗಾಯಿ ಕಪ್ಪಾಗಿ, ಮೇಲೆ ಬಿಳಿ ಬೂಷ್ಟು ಬಂದು, ರಾತ್ರಿಯಿಡೀ ತಪತಪ ಉದುರುತ್ತಿತ್ತು. ಆ ಸದ್ದಿಗೆ ಮುತ್ತಜ್ಜ ನಿದ್ದೆ ಮಾಡುತ್ತಿರಲಿಲ್ಲವೆಂದು ಅಜ್ಜ ಹೇಳುತ್ತಿದ್ದ. ಬೆಳೆ ಮರದಲ್ಲಿರುವಾಗಲೇ ಮಂಡಿ ಸಾಹುಕಾರನ ಸಾಲದ ದುಡ್ಡು ಮನೆಗೆ ಬಂದು ಖರ್ಚಾಗಿರುತ್ತಿತ್ತಲ್ಲ, ಉದುರಿದ್ದು ಬರೀ ಕಾಯಲ್ಲ.

ಒಂದು ವರ್ಷ ಕೊಟ್ಟೆ ಕಟ್ಟುವಾಗ ಒಬ್ಬ ಜಾರಿ ಬಿದ್ದು ಸತ್ತನಂತೆ. ಮುತ್ತಜ್ಜನ ಲೆಕ್ಕದ ಪುಸ್ತಕ ಇನ್ನೂ ಇದೆ. ಅದರಲ್ಲಿ ಸಾಲವಿದೆ, ಬಡ್ಡಿಯಿದೆ, ಅವನ ಹೆಸರಿಲ್ಲ. ಇದನ್ನು ನೆನೆದರೆ ಹೊಟ್ಟೆ ಸಂಕಟವಾಗುತ್ತದೆ.

ಆ ಕಾಲಕ್ಕೆ ಬಂದವರು ಲೆಸ್ಲಿ ಕೋಲ್‌ಮನ್. ಕೆನಡಾದ ವಿಜ್ಞಾನಿ, 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದವರು. ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದರು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಗೆ ಹೊಡೆಯುತ್ತಿದ್ದ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ನೀರು ನಮ್ಮ ತೋಟಕ್ಕೆ ಬಂದದ್ದು ಅವರಿಂದ.

ನಂಬುವುದು ಸುಲಭವಿತ್ತೇ ಹೇಳು? ಮೈಲುತುತ್ತ ವಿಷ. ಜನ ಬಾಯಿಗೆ ಹಾಕಿಕೊಳ್ಳುವ ಅಡಿಕೆಗೆ ಆ ನೀಲಿ ನೀರನ್ನು ಹೊಡೆಯಬೇಕು. ಮುತ್ತಜ್ಜ ಮೊದಲ ವರ್ಷ ಹಳ್ಳದಾಚೆಯ ಒಂದು ಸಾಲಿಗಷ್ಟೇ ಹೊಡೆಸಿದನಂತೆ, ಉಳಿದದ್ದಕ್ಕೆಲ್ಲ ಕೊಟ್ಟೆ. ಶ್ರಾವಣದಲ್ಲಿ ದಿನಾ ಬೆಳಗ್ಗೆ ಆ ಸಾಲಿನ ಬುಡದಲ್ಲಿ ಬಗ್ಗಿ ಹುಡುಕುತ್ತಿದ್ದನಂತೆ. ಮರುವರ್ಷ ತೋಟಕ್ಕೆಲ್ಲ ಹೊಡೆಸಿದ. ಅವನನ್ನು ನಾನು ಮೆಚ್ಚುವುದು ಇದಕ್ಕೆ: ಹೆದರಿಕೆ ಇಟ್ಟುಕೊಂಡೇ ಒಂದು ಸಾಲು ಬಿಟ್ಟುಕೊಟ್ಟ.

ಈಗಲೂ ಅಳತೆ ಅದೇ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಬೇರೆಬೇರೆ ಕದಡಿ ಆಮೇಲೆ ಕೂಡಿಸುವುದು. ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ತಾಮ್ರ ಹತ್ತಿ ಕೆಂಪಾದರೆ ಸುಣ್ಣ ಸಾಲದು. ಅಜ್ಜ ಕಲಿಸಿದ್ದು, ಅವನಿಗೆ ಮುತ್ತಜ್ಜ ಕಲಿಸಿದ್ದು.

ಪಶ್ಚಿಮಕ್ಕೆ ಸ್ವಲ್ಪ ಬೆಳಕು ಬಿಟ್ಟಿದೆ. ಕೊನೆಗೌಡನಿಗೆ ಹೊಸ ಹಗ್ಗ ತಂದಿಟ್ಟಿದ್ದೇನೆ. ಅವನು ಬಂದ, ಏಳುತ್ತೇನೆ.

ನಿನ್ನವ