ನಿಮ್ಮ ಆಫೀಸ್ ಫೋನಿನ ಟ್ರಂಕ್ ಸೆಟ್ಟಿಂಗ್ ಇನ್ನು ಎಪಿಐ ಮೂಲಕ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಿಮ್ಮ ಫೋನ್ ಸಿಸ್ಟಂಗೆ ಎಸ್‌ಐಪಿ (ಇಂಟರ್‌ನೆಟ್ ತಂತ್ರದಲ್ಲಿ ಕರೆ ಜೋಡಿಸುವ ವಿಧಾನ) ಟ್ರಂಕ್ ವಿವರ ಹಾಕುವ ರೀತಿ ಬದಲಾಗುತ್ತಿದೆ. ನಿಮ್ಮ ನಂಬರ್, ಎಕ್ಸ್‌ಟೆನ್ಷನ್, ಟೇಬಲ್ ಮೇಲಿನ ಫೋನ್ ಎಲ್ಲ ಹಾಗೇ ಇರುತ್ತವೆ. ನಿರ್ವಹಣೆ ಶುಲ್ಕವೂ ಅಷ್ಟೇ.

ಟ್ರಂಕ್ ಅಂದರೆ ನಿಮ್ಮ ಸಿಸ್ಟಂನಿಂದ ಟೆಲಿಕಾಂ ಕಂಪನಿಗೆ ಹೋಗುವ ದಾರಿ. ಹಿಂದೆ ಪಿಆರ್‌ಐ ಎಂಬ ಡಿಜಿಟಲ್ ಫೋನ್ ಲೈನ್ ಇತ್ತು, ಒಂದರಲ್ಲಿ ಏಕಕಾಲಕ್ಕೆ 30 ಕರೆ. ಈಗ ಅದೇ ಕೆಲಸ ಫೈಬರ್ ಮೇಲೆ ನಡೆಯುತ್ತದೆ. ನೀವು ಕಂಪನಿ ಬದಲಿಸಿದಾಗ, ಪಾಸ್‌ವರ್ಡ್ ಹೊಸದಾದಾಗ ನಮ್ಮ ಹುಡುಗರು ರಿಮೋಟ್‌ನಲ್ಲಿ ಬಂದು ಫೋನ್ ಸಿಸ್ಟಂ ನಡೆಸುವ ಆಸ್ಟರಿಸ್ಕ್ ಸಾಫ್ಟ್‌ವೇರ್‌ನ ಕಾನ್ಫಿಗ್ ಫೈಲ್ ಕೈಯಲ್ಲೇ ತಿದ್ದುತ್ತಿದ್ದರು. ಒಂದೇ ಆಫೀಸಾದರೆ ಪರವಾಗಿಲ್ಲ. ನಾಲ್ಕು ಊರಲ್ಲಿ ಶಾಖೆ ಇರುವ ಸೊಸೈಟಿಗೆ ಅದನ್ನೇ ನಾಲ್ಕು ಸಲ ಟೈಪ್ ಮಾಡಬೇಕು. ಪಾಸ್‌ವರ್ಡಿನ ಒಂದಕ್ಷರ ತಪ್ಪಿದರೂ ಸಾಕು, ಆ ಶಾಖೆಗೆ ಕರೆ ಬರುವುದೇ ನಿಲ್ಲುತ್ತದೆ.

ಇನ್ನು ಮುಂದೆ ವಿವರವನ್ನು ಒಂದೇ ಫಾರಂನಲ್ಲಿ ತುಂಬುತ್ತೇವೆ. ಅಲ್ಲಿಂದ ಅದು ಆಸ್ಟರಿಸ್ಕ್‌ನ ಎಆರ್‌ಐ ಎಂಬ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದಕ್ಕೆ ನೇರವಾಗಿ ಸೂಚನೆ ಕೊಡುವ ದಾರಿ) ಮೂಲಕ ಎಲ್ಲ ಶಾಖೆಗೂ ಹೋಗುತ್ತದೆ. ಮೊದಲು ಯೂಸರ್‌ನೇಮ್, ಪಾಸ್‌ವರ್ಡ್. ಆಮೇಲೆ ಕಂಪನಿಯ ಸರ್ವರ್ ವಿಳಾಸ. ಕೊನೆಗೆ ಇವೆರಡನ್ನೂ ಬಳಸುವ ಎಂಡ್‌ಪಾಯಿಂಟ್, ಅಂದರೆ ಟ್ರಂಕ್‌ನ ಮುಖ್ಯ ಸೆಟ್ಟಿಂಗ್. ಹಳೆಯ ಸೆಟ್ಟಿಂಗ್ ಉಳಿಸಿಟ್ಟಿರುತ್ತೇವೆ. ಹೊಸದು ಕಂಪನಿಯ ಸರ್ವರ್‌ನಲ್ಲಿ ರಿಜಿಸ್ಟರ್ ಆಗದಿದ್ದರೆ ಹಳೆಯದನ್ನೇ ಮತ್ತೆ ಕಳಿಸುತ್ತೇವೆ. ಯಾರು, ಯಾವಾಗ, ಏನು ಬದಲಿಸಿದರು ಅನ್ನುವುದೂ ದಾಖಲಾಗುತ್ತದೆ. ಕೇಳಿದರೆ ನಿಮಗೂ ಕೊಡುತ್ತೇವೆ, ಅದು ನಿಮ್ಮ ಹಕ್ಕು.

ಆದರೆ ರಿಜಿಸ್ಟರ್ ಆದ ಮಾತ್ರಕ್ಕೆ ಕೆಲಸ ಮುಗಿಯಲ್ಲ. ಕೆಲವು ಸಲ ಕರೆ ಸೇರುತ್ತದೆ, ನಮ್ಮ ದನಿ ಅವರಿಗೆ ಕೇಳಿಸುತ್ತದೆ, ಅವರದು ನಮಗೆ ಕೇಳಿಸಲ್ಲ. ರೂಟರ್ ಧ್ವನಿಯ ಪ್ಯಾಕೆಟ್ ಒಳಗೆ ಬಿಡದಿದ್ದರೆ ಹೀಗಾಗುತ್ತದೆ. ಇನ್ನು ಕೆಲವು ಸಲ ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಅಂದಾಗ ಒತ್ತಿದ ಅಂಕಿಯೇ ತಲುಪುವುದಿಲ್ಲ. ಹಾಗಾಗಿ ಪ್ರತಿ ಬದಲಾವಣೆ ಆದ ಮೇಲೆ ನಮ್ಮವರೊಬ್ಬರು ಒಳಗೂ ಹೊರಗೂ ಕರೆ ಮಾಡಿ, ಮಾತಾಡಿ, ಅಂಕಿ ಒತ್ತಿ ನೋಡುತ್ತಾರೆ. ಇದನ್ನು ಯಂತ್ರಕ್ಕೆ ಬಿಡುವ ಯೋಚನೆ ನಮಗಿಲ್ಲ.

ನಿಮ್ಮಿಂದ ಬೇಕಾಗಿರುವುದು ಕಂಪನಿ ಕಳಿಸಿದ ಮೇಲ್: ಸರ್ವರ್ ವಿಳಾಸ, ಚಾನೆಲ್ ಸಂಖ್ಯೆ (ಏಕಕಾಲಕ್ಕೆ ಎಷ್ಟು ಕರೆ), ಕೋಡೆಕ್ (ಧ್ವನಿಯನ್ನು ಡಿಜಿಟಲ್ ಮಾಡುವ ವಿಧಾನ), ಲಾಗಿನ್ ಪಾಸ್‌ವರ್ಡಿನಿಂದಲೋ ಸ್ಟ್ಯಾಟಿಕ್ ಐಪಿಯಿಂದಲೋ (ನಿಮ್ಮ ಇಂಟರ್‌ನೆಟ್ ಕನೆಕ್ಷನ್ನಿನ ಬದಲಾಗದ ವಿಳಾಸ) ಎಂಬುದು. ಐಪಿಯಿಂದ ಆದರೆ, ಇಂಟರ್‌ನೆಟ್ ಕನೆಕ್ಷನ್ ಬದಲಿಸುವ ಮೊದಲು ದಯವಿಟ್ಟು ಒಂದು ಮಾತು ಹೇಳಿ. ಹೇಳದೆ ಬದಲಿಸಿದರೆ ಟ್ರಂಕ್ ನಿಂತುಹೋಗುತ್ತದೆ. ನಂಬರನ್ನು +91 ಸೇರಿಸಿ ಬರೆಯಿರಿ. ಮೈಸೂರಿನದಾದರೆ 0821ರ ಸೊನ್ನೆ ಬಿಟ್ಟು +91821 ಅಂತ ಶುರುವಾಗಬೇಕು. ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ ಹೋಗಲು, ಬರಲು ತಲಾ ಸುಮಾರು 90 ಕಿಲೋಬಿಟ್ ವೇಗ ಬೇಕು. ಹತ್ತು ಜನ ಒಟ್ಟಿಗೆ ಮಾತಾಡಿದರೂ ಒಂದು ಎಂಬಿಪಿಎಸ್ ದಾಟುವುದಿಲ್ಲ. ಸುಮ್ನೆ ದೊಡ್ಡ ಪ್ಲಾನ್ ತಗೊಳ್ಳಬೇಡಿ.

ಪಾಸ್‌ವರ್ಡನ್ನು ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅದು ಬೇರೆಯವರ ಕೈಗೆ ಸಿಕ್ಕರೆ ಮಧ್ಯರಾತ್ರಿ ವಿದೇಶಕ್ಕೆ ಕರೆ ಹೋಗುತ್ತವೆ, ಬಿಲ್ ನಿಮ್ಮ ಹೆಸರಿಗೆ ಬರುತ್ತದೆ. ಐಎಸ್‌ಡಿ ಬೇಡವಾದರೆ ತಿಳಿಸಿ, ಬಂದ್ ಮಾಡಿಸೋಣ. ಎಪಿಐ ಪೋರ್ಟ್ ಹೊರಗಿನ ಇಂಟರ್‌ನೆಟ್‌ಗೆ ತೆರೆದಿರುವುದಿಲ್ಲ, ನಮ್ಮ ವಿಪಿಎನ್ (ಖಾಸಗಿ ಸುರಕ್ಷಿತ ಜಾಲ) ಒಳಗಿನಿಂದಷ್ಟೇ ತಲುಪಬಹುದು.

ಕೆಲಸವನ್ನು ರಾತ್ರಿ ಎಂಟರ ನಂತರ ಮಾಡುತ್ತೇವೆ. ರಾತ್ರಿಯೂ ತೆರೆದಿರುವ ಕ್ಲಿನಿಕ್‌ನವರು ನಿಮಗೆ ಅನುಕೂಲವಾದ ಸಮಯ ತಿಳಿಸಿ.

ಇಂತಿ,
ಫೋನ್ ಸಿಸ್ಟಂ ನಿರ್ವಹಣಾ ವಿಭಾಗ