ದೊಡ್ಡಜ್ಜಿಯ ಕೆಲಸದ ಕುರಿತು ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಅನೇಕ ಆಶೀರ್ವಾದಗಳು. ನಿನ್ನ ದೊಡ್ಡಜ್ಜಿಯ ವೈಕುಂಠ ಸಮಾರಾಧನೆ ಮೊನ್ನೆ ಮುಗಿಯಿತು. ಪರೀಕ್ಷೆಯ ಕಾರಣಕ್ಕೆ ನಿನಗೆ ಬರಲಾಗದ್ದನ್ನು ಎಲ್ಲರೂ ಅರ್ಥ ಮಾಡಿಕೊಂಡರು. ಊಟಕ್ಕೆ ಬಂದವರೆಲ್ಲ ಅವರನ್ನು ನೆನೆದರು. ತಂದೆ ತೀರಿಕೊಂಡ ಮೇಲೆ ತಮಗೆ ಮದುವೆಯೇ ಬೇಡವೆಂದು ತಮ್ಮ, ತಂಗಿಯರನ್ನು ದಡ ಸೇರಿಸಿದ ತ್ಯಾಗಮಯಿ ಎಂದು ಕೊಂಡಾಡಿದರು. ಆ ಮಾತು ನಿಜವೇ; ನಿನ್ನ ಅಜ್ಜಿಯ ಓದು ನಡೆದದ್ದು ಈ ಅಕ್ಕನ ಸಂಬಳದಿಂದ. ಆದರೆ ಆ ಸಂಬಳ ಯಾವ ಕೆಲಸಕ್ಕೆ ಬರುತ್ತಿತ್ತು, ಆ ಕೆಲಸದಲ್ಲಿ ಅವರು ಎಂಥ ನಿಪುಣೆಯಾಗಿದ್ದರು ಎಂಬ ಮಾತನ್ನು ಅಲ್ಲಿ ಒಬ್ಬರೂ ಎತ್ತಲಿಲ್ಲ. ನನಗೆ ಅದು ಸರಿಕಾಣಲಿಲ್ಲ.

ಜಾಲಹಳ್ಳಿಯ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರದ ಕಾರ್ಖಾನೆ ಆರಂಭಿಸಿತ್ತು. ಆ ದಶಕ ಮುಗಿಯುವ ಹೊತ್ತಿಗೆ ದೊಡ್ಡಮ್ಮ ಅಲ್ಲಿನ ಜೋಡಣೆ ವಿಭಾಗಕ್ಕೆ ಸೇರಿದರು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೂ ಮದುವೆಯ ಅಳಿಯನಿಗೂ ಎಚ್‌ಎಂಟಿ ವಾಚನ್ನೇ ಕೊಡಬೇಕೆಂದು ಜನ ಆಸೆಪಡುತ್ತಿದ್ದ ಕಾಲ ಅದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲಿಗಿಂತ ತೆಳುವಾದ ಹೇರ್‌ಸ್ಪ್ರಿಂಗನ್ನು ಚಿಮಟದ ತುದಿಯಲ್ಲಿ ಹಿಡಿದು, ಅದರ ಸುರುಳಿಗಳು ಒಂದಕ್ಕೊಂದು ತಾಗದಂತೆ ಸಮತಟ್ಟಾಗಿ ಕೂರಿಸುವುದು ಅವರ ಕೆಲಸ. ಆ ಸುರುಳಿಯ ಉಸಿರಾಟದಂಥ ಚಲನೆಯ ಮೇಲೆಯೇ ಇಡೀ ಗಡಿಯಾರದ ಲೆಕ್ಕ ನಿಂತಿದೆ. ಜನತಾ ಮಾದರಿಯ ಯಂತ್ರ ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ 5 ಬಾರಿ ಮಿಡಿಯುತ್ತದೆಂದು ನನಗೆ ಲೆಕ್ಕ ಹಾಕಿ ತೋರಿಸಿದವರು ಅವರೇ. ಅದರೊಳಗಿನ 17 ಕೆಂಪು ಹರಳುಗಳು ಅಲಂಕಾರಕ್ಕಲ್ಲ, ಚಕ್ರಗಳ ಅಚ್ಚು ಸವೆಯದಿರಲೆಂದು ಕೂರಿಸಿದವು ಎಂಬುದನ್ನೂ ಹಿಂಬದಿಯ ಮುಚ್ಚಳ ತೆಗೆದು ತೋರಿಸಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಮನೆಯ ಮೇಷ್ಟ್ರು ತಮ್ಮ ವಾಚು ದಿನವೂ ಹಲವು ನಿಮಿಷ ಮುಂದೆ ಓಡುತ್ತಿದೆಯೆಂದು ತಂದುಕೊಟ್ಟರು. ದೊಡ್ಡಮ್ಮ ಅದನ್ನು ಕಿವಿಗೆ ಹಿಡಿದು ಕೇಳಿದರು, ಬಿಚ್ಚುವ ಮೊದಲೇ, "ರಾತ್ರಿ ಇದನ್ನು ರೇಡಿಯೋ ಮೇಲೆ ಇಡ್ತೀರಾ?" ಎಂದು ವಿಚಾರಿಸಿದರು. ಮೇಷ್ಟ್ರು ಬೆರಗಾಗಿ ಹೌದೆಂದರು. ಸ್ಪೀಕರಿನ ಅಯಸ್ಕಾಂತದಿಂದ ಸ್ಪ್ರಿಂಗಿನ ಸುರುಳಿಗಳು ಪರಸ್ಪರ ಅಂಟಿಕೊಂಡರೆ ಅದರ ಉದ್ದ ಕಡಿಮೆಯಾದಂತಾಗಿ ಮಿಡಿತ ಚುರುಕಾಗುತ್ತದೆ ಎಂದು ಅವರು ವಿವರಿಸುವಾಗ ಮುಖದಲ್ಲಿದ್ದ ಸಂತೋಷವನ್ನು ನಾನು ಬೇರೆ ಯಾವ ಸಂದರ್ಭದಲ್ಲೂ ಕಂಡಿಲ್ಲ, ನಮ್ಮ ಮನೆಯ ಮದುವೆಗಳಲ್ಲೂ ಸಹ. ತ್ಯಾಗಕ್ಕೆಂದು ಹಲ್ಲು ಕಚ್ಚಿ ದುಡಿದವರ ಮುಖ ಹಾಗಿರುವುದಿಲ್ಲ. ಅವರಿಗೆ ಆ ಕೆಲಸ ಇಷ್ಟವಾಗಿತ್ತು. ಮನೆಯ ಅಗತ್ಯ ಅವರನ್ನು ಕಾರ್ಖಾನೆಗೆ ಕಳಿಸಿದ್ದು ನಿಜವಾದರೂ ಅಲ್ಲಿ ಅಷ್ಟು ವರ್ಷ ಉಳಿಸಿದ್ದು ಕೆಲಸದ ಮೇಲಿನ ಪ್ರೀತಿಯೇ ಎಂದು ನಾನು ನಂಬುತ್ತೇನೆ.

ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರಗಳು ಮಾರುಕಟ್ಟೆ ತುಂಬಿದ ಮೇಲೆ ಅವರು ಸ್ವಯಂ ನಿವೃತ್ತಿ ಪಡೆದರು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ನೀಡಿದ ಸುದ್ದಿ ಬಂದ ದಿನ ಪತ್ರಿಕೆಯನ್ನು ಪೂರ್ತಿ ಓದಿ, "ಕೈ ಪಳಗಿದವರು ಇನ್ನೂ ಇದ್ದೇವೆ, ಕಲಿಯುವವರು ಬೇಕು" ಎಂದಷ್ಟೇ ಹೇಳಿದರು. ಅನಂತರ ಬಡಾವಣೆಯ ರಿಪೇರಿ ಅಂಗಡಿಯ ಹುಡುಗನೊಬ್ಬನಿಗೆ ಸಂಜೆಯ ಹೊತ್ತು ಸ್ಪ್ರಿಂಗ್ ತಿದ್ದುವುದನ್ನು ಕಲಿಸಿದರು. ಸಮಾರಾಧನೆಯ ದಿನ ಅವನು ಕೊನೆಯ ಪಂಕ್ತಿಯವರೆಗೂ ನಿಂತು ಬಡಿಸಿದ.

ಅವರ ಜನತಾ ವಾಚು ನಿನಗೇ ಸೇರಬೇಕೆಂದು ಬರೆದಿಟ್ಟಿದ್ದಾರೆ. ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಕೀ ಕೊಡು, ಬಿಗಿಯಾದೊಡನೆ ನಿಲ್ಲಿಸು. ಮೊಬೈಲ್ ಫೋನಿನ ಪಕ್ಕದಲ್ಲಿ ಇಡಬೇಡ. ಡಯಲ್ ಹಳದಿಗಟ್ಟಿದೆಯೆಂದು ಯಾರಾದರೂ ಹೊಸದು ಹಾಕಲು ಹೇಳಿದರೆ ಒಪ್ಪಬೇಡ. ರಜೆಗೆ ಬಂದಾಗ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ವಸ್ತುಸಂಗ್ರಹಾಲಯಕ್ಕೆ ಹೋಗೋಣ. ಹೊರಡುವ ಮೊದಲು ಆ ಹುಡುಗನ ಬಳಿ ವಾಚಿಗೆ ಎಣ್ಣೆ ಹಾಕಿಸಬೇಕು.

ಇಂತಿ,
ನಿನ್ನ ಅಮ್ಮ